ಕುಂಕುಮ ಹಚ್ಚಿದ ಬಿರಡೆ

ನಮ್ಮ ಮನೆ ಗಾಳಿಯಲ್ಲಿ ನೇತಾಡುತ್ತಿತ್ತು. ಒಲೆ, ಕುಕ್ಕರು, ನನ್ನ ಹಳೆಯ ಡೈರಿಗಳ ಸಮೇತ ಅದು ಕ್ರೇನಿನ ಪಟ್ಟಿಗಳಲ್ಲಿ ತೂಗುತ್ತ ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದ ಸಮುದ್ರಕ್ಕೆ ಇಳಿಯುತ್ತಿತ್ತು. ಚಳಿಗಾಲವೆಲ್ಲ ದಡದಲ್ಲಿ ನಿಲ್ಲಿಸಿದ ದೋಣಿಗಳನ್ನು ವಸಂತದಲ್ಲಿ ನೀರಿಗಿಳಿಸುವುದಕ್ಕೆ ಇಲ್ಲಿ 'ಶೋಸೆಟ್ನಿಂಗ್' ಎನ್ನುತ್ತಾರೆ. ದಾವಣಗೆರೆಯಲ್ಲಿ ನಲ್ಲಿಯ ಮುಂದೆ ಕೊಡಗಳನ್ನು ಸಾಲಿಗಿಟ್ಟು ಬೆಳೆದವಳು ನಾನು. ಇಲ್ಲಿ ನೀರಿಗಾಗಿ ಮನೆಯನ್ನೇ ಸಾಲಿಗಿಟ್ಟು ಕಾಯುತ್ತೇನೆ.

ನಿವೃತ್ತರಾದ ಮೇಲೆ ನಾನೂ ನನ್ನ ಗಂಡ ಶ್ರೀಧರರೂ ಬೆಚ್ಚಗಿನ ತಿಂಗಳುಗಳನ್ನು ದೋಣಿಯಲ್ಲೇ ಕಳೆಯುತ್ತೇವೆ. ಕಳೆದ ಚಳಿಗಾಲದಲ್ಲಿ ಅವರ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ, ಉಪ್ಸಾಲಾದ ಮಗಳ ಮನೆಯಲ್ಲಿ ಉಳಿದೆವು. ಅಲ್ಲಿ ಲಿಫ್ಟ್ ಇತ್ತು, ನೆಲ ಅಲುಗಾಡುತ್ತಿರಲಿಲ್ಲ. ಅದಕ್ಕೇ ನನಗೆ ನಿದ್ದೆ ಬರಲಿಲ್ಲವೇನೋ. ಮಗಳು ಮೇಘನಾ ಒಂದೇ ಷರತ್ತು ಹಾಕಿದ್ದಳು: "ಅಪ್ಪ ಮಂಡಿ ಊರಿ ಕೂತು, ಯಾರ ಕೈನೂ ಹಿಡೀದೆ ಎದ್ದು ತೋರಿಸ್ಬೇಕು. ಆಗಲ್ಲಾಂದ್ರೆ ಬೋಟ್ ಮಾರಿಬಿಡಿ." ಅವಳ ಮಾತು ನ್ಯಾಯವೇ. ದೋಣಿಯಲ್ಲಿ ಮುಖ್ಯವಾದದ್ದೆಲ್ಲ ಇರುವುದು ನೆಲದ ಹಲಗೆಗಳ ಕೆಳಗೆ. ನೋಡಿಯೇ ಹೋಗುತ್ತೇನೆಂದು ಅವಳೂ ನಮ್ಮ ಜೊತೆ ಬಂದಿದ್ದಳು.

ದೋಣಿ ನೀರು ಮುಟ್ಟಿದ ಕೂಡಲೇ ಪಟ್ಟಿ ಬಿಚ್ಚುವುದಿಲ್ಲ. ಎಲ್ಲಾದರೂ ಸೋರುತ್ತಿದೆಯೇ ಎಂದು ಒಳಗೆ ಹೋಗಿ ನೋಡಬೇಕು. ನಾನು ಹಲಗೆ ಎತ್ತಿದೆ. ತಳದಲ್ಲಿ ನೀರು ಬುಗ್ಗೆಯಂತೆ ಉಕ್ಕುತ್ತಿತ್ತು. ಮಳೆನೀರು ಹರಿದುಹೋಗಲೆಂದು ಚಳಿಗಾಲದಲ್ಲಿ ತೆರೆದಿಡುವ ತೂತು ಹಾಗೇ ತೆರೆದಿತ್ತು. ಅದರ ಹಿತ್ತಾಳೆಯ ಬಿರಡೆ ಇರಲಿಲ್ಲ. ಇಳಿಸುವುದನ್ನು ನಿಲ್ಲಿಸಲು ಕ್ರೇನಿನವನಿಗೆ ಕೂಗಿ ಹೇಳಿ, ತೂತಿಗೆ ಬಟ್ಟೆ ಒತ್ತಿ ಹಿಡಿದೆ.

"ರೀ, ಬಿರಡೆ ಬಿಚ್ಚಿ ನೀವೇ ನೀಲಿ ಜಾಕೆಟ್ ಜೇಬಿಗೆ ಹಾಕ್ಕೊಂಡ್ರಿ. ಕಣ್ಣಿಗೆ ಕಟ್ಟಿದ ಹಾಗಿದೆ ನನಗೆ."

"ನಿನ್ನ ನೆನಪು ಅಂದ್ರೆ ಕಾದಂಬರಿ ಸುಮಾ. ಡೈರಿ ತೆಗೆಸು."

ನನ್ನ ಕೈ ತೂತಿನ ಮೇಲಿತ್ತು. ಬಾಲ್ಯದಲ್ಲಿ ನಾನೇ ಕಲಿಸಿದ ಅಕ್ಷರಗಳನ್ನು ಮೇಘನಾ ತಡವರಿಸುತ್ತ ಓದಿದಳು: "ಆಯುಧಪೂಜೆ. ಸ್ಪ್ಯಾನರು, ಸುತ್ತಿಗೆ, ಬಿರಡೆ, ಎಲ್ಲಕ್ಕೂ ಕುಂಕುಮ ಹಚ್ಚಿದೆ. ಕಳೆಯದಿರಲೆಂದು ಬಿರಡೆಯನ್ನು ದೇವರ ಪೆಟ್ಟಿಗೆಯಲ್ಲಿಟ್ಟೆ." ಓದಿ ತಲೆಯೆತ್ತಿದಳು. "ಅಮ್ಮ, ದೇವ್ರು ಇನ್ನೂ ನನ್ನ ಕಾರಲ್ಲೇ ಇದಾರೆ."

ಹಾಗಾದರೆ ಆ ನೀಲಿ ಜಾಕೆಟ್ ಎಲ್ಲಿಂದ ಬಂತು? ನನಗೆ ಈಗಲೂ ಗೊತ್ತಿಲ್ಲ.

ಅವಳು ಓಡಿಹೋಗಿ ಬಿರಡೆ ತಂದಳು. ಇನ್ನೊಂದು ಕೈಯಲ್ಲಿ ಅದನ್ನು ಇಸಿದುಕೊಂಡಾಗ ಕುಂಕುಮ ನನ್ನ ಬೆರಳುಗಳಿಗೆ ಅಂಟಿತು. ನಾನು ತಿರುಗಿಸುತ್ತೇನೆಂದರೆ ಶ್ರೀಧರ್ ಬಿಡಲಿಲ್ಲ, ತಾವೇ ತೆಗೆದುಕೊಂಡರು. ಮೊದಲು ಒಂದು ಮಂಡಿ ಊರಿದರು, ಆಮೇಲೆ ಇನ್ನೊಂದು. ನಾನು ಬಟ್ಟೆ ಎಳೆದೊಡನೆ ತಣ್ಣನೆಯ ನೀರಿಗೆ ಮೊಣಕೈವರೆಗೆ ಕೈಯಿಳಿಸಿ ಬಿರಡೆ ಬಿಗಿಮಾಡಿದರು. ಬುಗ್ಗೆ ನಿಂತಿತು. ಏಳುವಾಗ ಮೇಘನಾ ಕೈ ಚಾಚಿದವಳು ತಾನೇ ಹಿಂದಕ್ಕೆಳೆದುಕೊಂಡಳು. ಅವರು ನಿಧಾನವಾಗಿ, ಒಬ್ಬರೇ ಎದ್ದರು.

"ಸೋಫಾದಿಂದ ಏಳೋಕೆ ಮಾತ್ರ ನನ್ನ ಕೈ ಬೇಕಿತ್ತೇನಪ್ಪ?"

"ತಪ್ಪು ಸೋಫಾದ್ದಮ್ಮ."

ಅವಳು ನಕ್ಕಳು. ಮಾರುವ ಮಾತು ಅಲ್ಲಿಗೆ ಮುಗಿಯಿತು. ಪಟ್ಟಿಗಳನ್ನು ಬಿಚ್ಚಿದಾಗ ಕಾಲ ಕೆಳಗಿನ ನೆಲ ಮತ್ತೆ ತೂಗತೊಡಗಿತು. ನನ್ನ ಎದೆಯೂ ಹಗುರಾಯಿತು.

ನನ್ನ ಬೆರಳುಗಳಲ್ಲಿದ್ದ ಕೆಂಪು ಯಾವ ಊರಿನದೆಂದು ಕ್ರೇನಿನವನು ಕೇಳಿದ. ನಮ್ಮೂರು ದಾವಣಗೆರೆಯದು ಎಂದೆ. ಚಳಿಗಾಲದಲ್ಲಿ ಉಪ್ಸಾಲಾದ ಬಸ್ಸಿನಲ್ಲಿ ಕನ್ನಡದ ಹುಡುಗಿಯೊಬ್ಬಳು ಕೇಳಿದಾಗ ನಮ್ಮೂರು ಕಾರ್ಲ್‌ಸ್ಕ್ರೂನಾ ಎಂದಿದ್ದೆ. ಎರಡೂ ಉತ್ತರಗಳು ಡೈರಿಯಲ್ಲಿವೆ. ಎರಡೂ ನನ್ನದೇ ಕೈಬರಹ.