ಕಂಪೌಂಡರನ ಷಡ್ಡಕ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಜನ ಪಕ್ಕದ ಮನೆಯವನ ಕಾರು ನೋಡಿ ಕರುಬುತ್ತಾರೆ, ದಾಯಾದಿಯ ಮಹಡಿ ಮನೆ ನೋಡಿ ಕರುಬುತ್ತಾರೆ, ಜೊತೆಯವನ ಬಡ್ತಿ ನೋಡಿ ಎರಡು ದಿನ ಅನ್ನ ಬಿಡುತ್ತಾರೆ. ಇವೆಲ್ಲ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದ ಮರ್ಯಾದಸ್ಥ ಹೊಟ್ಟೆಕಿಚ್ಚುಗಳು. ನನ್ನದು ಹಾಗಲ್ಲ. ನನ್ನ ಷಡ್ಡಕ ಅಂಗಳಕ್ಕೆ ಕಾಲಿಟ್ಟ ಕೂಡಲೇ ನಮ್ಮತ್ತೆಯ ಎಮ್ಮೆ ಮೇವು ಬಿಟ್ಟು ತಲೆ ಎತ್ತುತ್ತದೆ. ನಾನು ಕಾಲಿಟ್ಟರೆ ಬಾಲ ಕೂಡ ಅಲ್ಲಾಡಿಸುವುದಿಲ್ಲ. ನನ್ನ ಹೊಟ್ಟೆ ಉರಿಯುವುದು ಇದಕ್ಕೆ. ಯಾರ ಮುಂದೆ ಹೇಳಲಿ? ನಿಮ್ಮ ಮುಂದೆ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ.

ಷಡ್ಡಕ ಎಂಬ ಸಂಬಂಧವೇ ವಿಚಿತ್ರ. ಅಣ್ಣತಮ್ಮಂದಿರು ಹುಟ್ಟಿನಿಂದ ಜಗಳವಾಡಿ ಪಳಗಿರುತ್ತಾರೆ. ಸ್ನೇಹಿತನನ್ನು ನಾವೇ ಆರಿಸಿಕೊಂಡಿರುತ್ತೇವೆ. ಷಡ್ಡಕ ಮಾತ್ರ ಯಾರೂ ಕೇಳದೆ ಬಂದವನು. ಎಲ್ಲಿಯೋ ಹುಟ್ಟಿದ ಇಬ್ಬರು ಗಂಡಸರನ್ನು ತಂದು ಒಬ್ಬಳೇ ಅತ್ತೆಯ ತಕ್ಕಡಿಯಲ್ಲಿ ಎದುರುಬದುರು ಕೂರಿಸಿ, ಹಬ್ಬಕ್ಕೊಮ್ಮೆ ತೂಗುತ್ತಾರೆ. ಯಾರ ಹೋಳಿಗೆಯ ಮೇಲೆ ತುಪ್ಪ ಹೆಚ್ಚು ಬಿತ್ತು, ಯಾರಿಗೆ ಹೂವಿನ ಚಿತ್ರದ ಕಪ್ಪು, ಯಾರಿಗೆ ಸ್ಟೀಲ್ ಲೋಟ ಎಂಬುದನ್ನು ಇಬ್ಬರೂ ನೋಡದವರಂತೆ ನೋಡಿರುತ್ತೇವೆ. ನಾನು ಹಿರಿಯ ಅಳಿಯ. ವೈಜಿನಾಥ ನನ್ನ ಹೆಂಡತಿ ಸುವರ್ಣಾಳ ತಂಗಿಯ ಗಂಡ, ಕಿರಿಯವನು. ಲೆಕ್ಕಪ್ರಕಾರ ಹೂವಿನ ಕಪ್ಪು ನನ್ನದು. ಆದರೆ ಅವನು ಭಾಲ್ಕಿಯ ದನದ ದವಾಖಾನೆಯಲ್ಲಿ ಕಂಪೌಂಡರ್. ಅಲ್ಲಿಗೆ ಲೆಕ್ಕ ಮುಗಿಯಿತು.

ಅವನ ವೈಭವವನ್ನು ನೀವು ನೋಡಬೇಕು. ಭಾಲ್ಕಿಯಿಂದ ಔರಾದಿನ ತನಕ ಅವನ ಮೋಟಾರ್ ಸೈಕಲ್ ಒಂದು ಸಲವೂ ಸೀದಾ ಹೋದದ್ದಿಲ್ಲ. ಊರಿಗೊಬ್ಬರು ಅಡ್ಡ ನಿಂತು, "ಡಾಕ್ಟರ್ ಸಾಬ್, ಜರಾ ನಮ್ಮ ಆಕಳ ನೋಡಿ ಹೋಗ್ರಿ" ಅನ್ನುತ್ತಾರೆ. ಇವನು "ಡಾಕ್ಟರಲ್ಲಪ್ಪ, ಕಂಪೌಂಡರ್" ಎಂದು ತಿದ್ದಬೇಕೋ ಬೇಡವೋ? ತಿದ್ದುವುದಿಲ್ಲ. ಗಂಭೀರವಾಗಿ ಗಾಡಿ ನಿಲ್ಲಿಸಿ ಇಳಿಯುತ್ತಾನೆ. ಒಮ್ಮೆ ಔರಾದಿನ ಚಹಾದಂಗಡಿಯಲ್ಲಿ ನಾನು ಒಬ್ಬನೇ ಕೂತಿದ್ದಾಗ ಅಂಗಡಿಯವನು ನನ್ನನ್ನು ದಿಟ್ಟಿಸಿ, "ನೀವು ಕಂಪೌಂಡರ್ ಸಾಹೇಬ್ರ ಸಾಡೂ ಅಲ್ಲೇನ್ರಿ?" ಎಂದ. ಮರಾಠಿಯ ಸಾಡೂ ಎಂದರೆ ನಮ್ಮ ಷಡ್ಡಕನೇ. ಬೀದರಿನಲ್ಲಿ ಸ್ವಂತ ಹೆಸರಿನ ಫೋಟೊ ಸ್ಟುಡಿಯೋ ನಡೆಸಿದ ಮನುಷ್ಯ ನಾನು. ಅಲ್ಲ ಎಂದುಬಿಡೋಣ ಅನ್ನಿಸಿತು. ಆದರೆ ಅವನು ಅಷ್ಟರಲ್ಲಿ ಚಹಾದ ಜೊತೆ ಬಿಸಿ ಭಜಿ ತಂದು ಇಟ್ಟಿದ್ದ, ಒಂದನ್ನು ಬಾಯಿಗೆ ಹಾಕಿಕೊಂಡೆ.

ಸ್ಟುಡಿಯೋ ಈಗ ಇಲ್ಲ. ಎಲ್ಲರ ಜೇಬಿನಲ್ಲೂ ಒಂದೊಂದು ಸ್ಟುಡಿಯೋ ಬಂದ ಮೇಲೆ ನನ್ನದು ಯಾರಿಗೆ ಬೇಕು? ಮೊದಲು ಮದುವೆಯಾದ ಜೋಡಿಗಳನ್ನು ಅಷ್ಟೂರಿನ ಗುಮ್ಮಟಗಳ ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದೆ. ಅವರು ತಲೆಗೂದಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾನು ಆ ಗೋರಿಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಸಾಲಾಗಿ ಮಲಗಿದ ಸುಲ್ತಾನರು. ಒಬ್ಬನದಕ್ಕಿಂತ ಇನ್ನೊಬ್ಬನ ಗುಮ್ಮಟ ದೊಡ್ಡದಾಗಬೇಕೆಂದು ಹಟ ಹಿಡಿದು ಕಟ್ಟಿಸಿದಂತೆ ನನಗೆ ಕಾಣುತ್ತಿತ್ತು. ಇತಿಹಾಸದ ಮೇಷ್ಟ್ರುಗಳು ಇದನ್ನು ಒಪ್ಪಲಿಕ್ಕಿಲ್ಲ. ಅವರು ಶೈಲಿ, ಕಾಲ, ಪರ್ಷಿಯಾ ಎಂದೆಲ್ಲ ಹೇಳುತ್ತಾರೆ. ಇರಬಹುದು. ಆದರೆ ಹೊಟ್ಟೆಕಿಚ್ಚಿಲ್ಲದ ಊರಿನಲ್ಲಿ ಅಷ್ಟು ಸುಣ್ಣ ಖರ್ಚಾಗುವುದಿಲ್ಲ ಎಂಬುದು ನನ್ನ ಖಾಸಗಿ ಸಿದ್ಧಾಂತ.

ಸ್ಟುಡಿಯೋ ಮುಚ್ಚಿ ಚಿಕ್ಕಪ್ಪನ ಮಗನ ಸಿಮೆಂಟ್ ಅಂಗಡಿಯಲ್ಲಿ ಕೂತೆ. ಕೆಟ್ಟ ಕೆಲಸವೇನಲ್ಲ. ಫ್ಯಾನ್ ಇದೆ, ಕುರ್ಚಿ ಇದೆ. ಆದರೆ ಸಿಮೆಂಟ್ ಚೀಲ ಅಳುವುದಿಲ್ಲ, ನಗುವುದಿಲ್ಲ, ಹಿಡಿದರೆ ಕೊಸರಾಡುವುದಿಲ್ಲ. ಅಳುವ ಕೂಸುಗಳನ್ನು ಒಂದು ಗಳಿಗೆ ಸುಮ್ಮನಿರಿಸುವುದೇ ಕಸುಬಾಗಿದ್ದವನಿಗೆ ಇದು ಸಾಲಲಿಲ್ಲ. ಹೀಗಿರುವಾಗ ಒಂದು ದಿನ ಪಕ್ಕದ ಮನೆಯ ರಿಟೈರ್ಡ್ ಟೀಚರ್ ತಮ್ಮ ನಾಯಿಗೆ ಕಿವಿನೋವೆಂದು ನನ್ನನ್ನು ಜೊತೆಗೆ ಕರೆದರು. ಊರಲ್ಲಿ ಹೊಸದಾಗಿ ಪ್ರಾಣಿಗಳ ಕ್ಲಿನಿಕ್ ಒಂದು ಆಗಿತ್ತು, ಅಲ್ಲೊಬ್ಬರು ಡಾಕ್ಟರ್ ಮೇಡಂ. ನಾಯಿ ಟೇಬಲ್ ಮೇಲೆ ನಿಂತು ಎಲ್ಲರಿಗೂ ಹಲ್ಲು ತೋರಿಸುತ್ತಿತ್ತು. ನಾನು ಅದರ ಕುತ್ತಿಗೆಯ ಕೆಳಗೆ ಕೈಯಿಟ್ಟು, ಸ್ಟುಡಿಯೋದಲ್ಲಿ ಮಕ್ಕಳಿಗೆ ಮಾಡುತ್ತಿದ್ದಂತೆ ಬಾಯಲ್ಲಿ ಒಂದು ಸದ್ದು ಮಾಡಿದೆ. ಸುಮ್ಮನಾಯಿತು. ಮೇಡಂ ಕಿವಿಗೆ ಔಷಧ ಹಾಕಿ ಮುಗಿಸಿ ನನ್ನ ಕಡೆ ತಿರುಗಿದರು.

"ಕೈ ಛಲೋ ಅದರಿ ನಿಮ್ದು. ನನಗ ಇಲ್ಲಿ ಒಬ್ರು ಬೇಕಾಗ್ಯಾರ. ಒಂದ್ ವರ್ಷ ನನ್ ಕೈಯಾಗ ಕಲೀರಿ, ಸರ್ಟಿಫಿಕೇಟಿನ ಪರೀಕ್ಷಾಕ್ಕ ನಾನೇ ಕೂಡಿಸ್ತೇನಿ. ವಿಚಾರ ಮಾಡಿ ಎಳ್ಳಮಾಸಿ ಆದ ಮ್ಯಾಲ ಹೇಳ್ರಿ."

ಪ್ರಾಣಿಗಳ ನರ್ಸು! ನನ್ನ ತಲೆಯಲ್ಲಿ ಮೊದಲು ಮೂಡಿದ ಚಿತ್ರ ಯಾವುದು ಹೇಳಲೇ? ಕಾಯಿಲೆ ಬಿದ್ದ ಮೂಕಪ್ರಾಣಿಯಲ್ಲ. ಔರಾದಿನ ಕಡೆಯ ಡಾಬಕಾದ ಅತ್ತೆಯ ಮನೆಯ ಅಂಗಳ, ನಾನು ಬ್ಯಾಗ್ ಹಿಡಿದು ಇಳಿಯುವುದು, ವೈಜಿನಾಥನ ಕೈಯಲ್ಲಿ ಸ್ಟೀಲ್ ಲೋಟ.

ಸುವರ್ಣಾಳ ಮುಂದೆ ಸುದ್ದಿ ತೆಗೆದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಅಂಗಡಿ ಬಿಟ್ರ ನಿಮ್ಮ ತಮ್ಮ ತಿರುಗಿ ಕರೀತಾರೇನು? ನೆರಿ ಬಂದ ತಲಿ, ಹುಡುಗ್ರ ಕೂಡ ಕುಂತು ಪರೀಕ್ಷಾ ಬರೀತೀರಿ?" ಎಂದಳು. ಆಮೇಲೆ ಹೆಂಚಿನ ಮೇಲಿನ ರೊಟ್ಟಿ ತಿರುವಿ ನನ್ನ ಮುಖ ನೋಡಿದಳು. "ಒಂದ್ ಮಾತ್ ಕೇಳ್ತೇನಿ, ಖರೇ ಹೇಳ್ರಿ. ನಿಮಗ ಈ ಕೆಲಸಾನೇ ಬೇಕೋ, ಇಲ್ಲಾ ವೈಜಿನಾಥ್ ಅವರ ಮ್ಯಾಲ ಹೊಟ್ಟಿಕಿಚ್ಚೋ? ಕೆಲಸ ಬೇಕಂದ್ರ ಹೋಗ್ರಿ, ಹ್ಯಾಂಗರೆ ಮಾಡಿ ಮನಿ ನಡಸ್ತೇನಿ. ಹೊಟ್ಟಿಕಿಚ್ಚಿಗಿ ನಾ ಒಂದ್ ವರ್ಷ ಕೊಡಂಗಿಲ್ಲ."

ಹೆಂಡಂದಿರು ಇಷ್ಟು ಸ್ಪಷ್ಟವಾಗಿ ಪ್ರಶ್ನೆ ಕೇಳಬಾರದು. ಹೋದರೆ ಒಂದು ವರ್ಷ, ಕುರ್ಚಿ, ಫ್ಯಾನು ಎಲ್ಲ ಹೋಗುತ್ತದೆ. ಹೋಗದಿದ್ದರೆ ಉಳಿದ ಆಯುಷ್ಯವೆಲ್ಲ ಚೀಲದ ಮುಂದೆ. ನಡುವೆ ನಿಂತವನಿಗೆ ತನ್ನ ಮನಸ್ಸೇ ಗೊತ್ತಿಲ್ಲ ಎಂದರೆ ಹೇಗಿರಬೇಡ!

ಎಳ್ಳಮಾವಾಸ್ಯೆಗೆ ಡಾಬಕಾಕ್ಕೆ ಹೋದೆವು. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಕಾಳು-ಸೊಪ್ಪಿನ ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೋಗಿ, ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ, ಹೊಟ್ಟೆ ಬಿರಿಯುವಂತೆ ಉಂಡು, ಗಿಡದ ನೆರಳಿಗೆ ಉರುಳುವುದು. ವೈಜಿನಾಥನೂ ಬಂದಿದ್ದ. ಉಂಡೆದ್ದ ಕೂಡಲೇ ಅವನಿಗೆ ಫೋನ್ ಬಂತು: ಔರಾದಿನ ಹತ್ತಿರ ಯಾರದೋ ದೇವಣಿ ತಳಿಯ ಆಕಳು ಕರು ಹಾಕಲಾರದೆ ಒದ್ದಾಡುತ್ತಿದೆಯಂತೆ, ಡಾಕ್ಟರು ಅಲ್ಲಿಗೇ ಹೊರಟಿದ್ದಾರಂತೆ. ಎಲ್ಲರೂ ಕೇಳುವಂತೆ, "ನಾ ಹೋಗ್ಲಿಕಂದ್ರ ಆಗಂಗಿಲ್ಲ ನೋಡ್ರಿ" ಎಂದು ಗಾಡಿ ಏರಿದ. ಹೋಗು ಮಾರಾಯ, ನಿಧಾನವಾಗಿ ಬಾ ಎಂದು ಮನಸ್ಸಿನಲ್ಲೇ ಹರಸಿದೆ.

ಸಂಜೆ ಮನೆಗೆ ಬಂದಾಗ ತಾಪತ್ರಯ ಶುರುವಾಯಿತು. ಅತ್ತೆ ಹಬ್ಬದ ತಯಾರಿಯ ಗಡಿಬಿಡಿಯಲ್ಲಿ ಜಾರಿ ಬಲಗೈ ಉಳುಕಿಸಿಕೊಂಡಿದ್ದರು. ಎರಡು ದಿನ ಒಂದೇ ಕೈಯಲ್ಲಿ ಹೇಗೋ ಹಿಂಡಿದ್ದರು. ಇವತ್ತು ಕೈ ಬಾತು ಅದೂ ಆಗಲೊಲ್ಲದು. ಎಮ್ಮೆಯೋ, ಅತ್ತೆಯನ್ನು ಬಿಟ್ಟು ಇನ್ನೊಬ್ಬರನ್ನು ಕೆಚ್ಚಲ ಹತ್ತಿರ ಸೇರಿಸದು. ಇಂಥ ಹೊತ್ತಿಗೆಂದೇ ನಮ್ಮ ಕಡೆ ಒಂದು ಉಪಾಯವಿದೆ: ದಿನಾ ಹಿಂಡುವವರ ಸೀರೆ ಉಟ್ಟು ಕೂತರೆ ಎಮ್ಮೆ ಮೋಸಹೋಗುತ್ತದೆ. ಸುವರ್ಣಾ ಎದ್ದಳು. ನಾನು ತಡೆದೆ.

"ನಾ ಉಡ್ತೇನಿ."

"ಹುಚ್ಚ ಹಿಡದದೇನ್ರಿ?"

"ಕಮಠಾಣದಾಗ ಹುಟ್ಟಿದಂವ ನಾ. ಸಣ್ಣಂವಿದ್ದಾಗ ದಿನಾ ಹಿಂಡ್ತಿದ್ದೆ."

ಅದು ನಿಜ. ಆದರೆ ಎದ್ದದ್ದು ಹಳೆಯ ಅಭ್ಯಾಸದಿಂದಲ್ಲ, ವೈಜಿನಾಥ ಬರುವಷ್ಟರಲ್ಲಿ ಹಾಲು ಕಾಯಿಸಿ ಇಟ್ಟಿರಬೇಕೆಂಬ ಹಟದಿಂದ. ಅತ್ತೆಯ ಸೀರೆಯನ್ನು ಅಳಿಯ ಉಡುವುದೆಂದರೆ ಸಣ್ಣ ಮಾತೇ? ಕೊಳೆ ಸೀರೆ ಕೇಳಿದರೆ ಮರ್ಯಾದೆಯಲ್ಲವೆಂದು, ಟ್ರಂಕಿನಿಂದ ಒಗೆದು ಮಡಿಚಿಟ್ಟದ್ದನ್ನೇ ತೆಗೆಸಿ, ನಿರಿಗೆ ಹಿಡಿದು, ತಲೆಯ ಮೇಲೆ ಸೆರಗು ಹೊದ್ದು ಹೊರಟೆ. ನಾಟಕದ ಕಂಪನಿಯಲ್ಲೂ ಯಾರೂ ಇಷ್ಟು ಶ್ರದ್ಧೆಯಿಂದ ಉಟ್ಟಿರಲಿಕ್ಕಿಲ್ಲ. ಎಮ್ಮೆ ಒಮ್ಮೆ ಮೂಸಿತು. ಒದ್ದಿತು. ಬಕೆಟ್ ಒಂದು ಕಡೆ, ನಾನು ಒಂದು ಕಡೆ.

ಅತ್ತೆಗೆ ಕೈನೋವು ಮರೆತು ನಗು ಬಂತು. "ಟ್ರಂಕಿನ ಸೀರಿ ಉಟ್ಟೀರೇನ್ರಿ! ನುಸಿಗುಳಿಗಿ ವಾಸ್ನಿ ಹೊಡ್ಯಾಕತ್ತದ. ಎಮ್ಮಿ ಸೀರಿ ನೋಡಂಗಿಲ್ರಿ, ವಾಸ್ನಿ ನೋಡ್ತದ. ಹಗ್ಗದ ಮ್ಯಾಲಿನ ಮೈಲಿಗಿ ಸೀರಿ ತೊಗೋರಿ."

ಎರಡನೆಯ ಸಲ ಉಟ್ಟೆ. ಸಗಣಿ, ಹೊಗೆ, ಅತ್ತೆಯ ಎಲೆಅಡಿಕೆ, ಎಲ್ಲದರ ವಾಸನೆ. ಎಮ್ಮೆ ಮೂಸಿ, ಹಿಂಡಿಯ ಬುಟ್ಟಿಗೆ ಮುಖ ಹಾಕಿತು. ಕರು ಬಿಟ್ಟು ಎಳೆದುಕೊಂಡೆ, ಹಾಲು ಇಳಿಯಿತು. ಕೈಗಳಿಗೆ ಎಲ್ಲ ನೆನಪಿತ್ತು! ಮೂರು ಮೊಲೆ ಹಿಂಡಿದೆ. ನಾಲ್ಕನೆಯದಕ್ಕೆ, ಬಲಗಡೆ ಹಿಂದಿನದಕ್ಕೆ, ಕೈ ಹಾಕಿದ್ದೇ ತಡ ಮತ್ತೆ ಕಾಲು ಬೀಸಿತು. ಅತ್ತೆ, "ಉಗುರ ತಾಕಿರ್ಬೇಕು ನೋಡ್ರಿ" ಎಂದರು. ನಾನು ಉಗುರು ನೋಡಿಕೊಂಡೆ, ಸರಿಯಿದ್ದವು. ಅಂಗೈಯ ಹಿಂಬದಿಯಿಂದ ಮೆಲ್ಲಗೆ ಮುಟ್ಟಿದೆ. ಉಳಿದ ಕಡೆಗಿಂತ ಅಲ್ಲಿ ಬಿಸಿ, ಗಟ್ಟಿ. ಬಾಯಲ್ಲಿ ನನ್ನ ಹಳೆಯ ಸದ್ದು ಮಾಡುತ್ತ ನಾಲ್ಕು ಹನಿ ಅಂಗೈಗೆ ಹಿಂಡಿಕೊಂಡೆ. ನೀರು ನೀರು, ಅದರಲ್ಲಿ ಒಡೆದ ಹಾಲಿನಂಥ ಕಣಗಳು. ಎರಡು ದಿನ ಅರೆಬರೆ ಹಿಂಡಿ ಬಿಟ್ಟ ಕೆಚ್ಚಲಿಗೆ ಬಾವು ಹತ್ತಿತ್ತು.

ಆಗಲೇ ಓಣಿಯ ತುದಿಯಲ್ಲಿ ಮೋಟಾರ್ ಸೈಕಲ್ ಸದ್ದು ಕೇಳಿಸಿತು.

ಸುಳ್ಳೇಕೆ ಹೇಳಲಿ, ಅಂಗೈಯ ಹನಿಗಳನ್ನು ಸೆರಗಿಗೆ ಒರೆಸಿಕೊಂಡೆ. ನಾನು ಪತ್ತೆಹಚ್ಚಿದ ರೋಗವನ್ನು ಅವನ ಕೈಗೆ ಕೊಡಬೇಕೇ? ಅವನಿಗೆ ಹೇಳದೆ ಬೀದರಿನ ಮೇಡಂಗೇ ಫೋನ್ ಮಾಡಿದರೆ? ನಾಳೆ ನಾನೇ ಔಷಧ ತಂದರೆ? ಎಮ್ಮೆ ಹಿಂಡಿಯ ಬುಟ್ಟಿ ಬಿಟ್ಟು ತಲೆ ಎತ್ತಿ ಅವನ ಗಾಡಿಯ ಕಡೆ ಕಿವಿ ನಿಮಿರಿಸಿತು. ನನ್ನ ಕೈಯಲ್ಲಿ ಹಾಲು ಕರೆಸಿಕೊಂಡು ಅವನ ದಾರಿ ನೋಡುತ್ತಿದೆ, ನಿಯತ್ತಿಲ್ಲದ್ದು! ಆದರೆ ನಾಳೆಯ ತನಕ ಬಿಟ್ಟರೆ ಆ ಮೊಲೆ ಬತ್ತಿಹೋಗಬಹುದು ಎಂಬುದು ನಮ್ಮೂರು ಕಮಠಾಣದ ಯಾವ ಹುಡುಗನಿಗಾದರೂ ಗೊತ್ತು.

ವೈಜಿನಾಥ ಅಂಗಳಕ್ಕೆ ಬಂದವನು ನನ್ನನ್ನು ನೋಡಿ ಸೊಂಟ ಹಿಡಿದು ನಕ್ಕ. "ಅಣ್ಣಾರ, ಬರೋಬ್ಬರಿ ನಮ್ಮತ್ತಿ ಆಗೀರಿ! ಒಂದ್ ಫೋಟೊ ಹೊಡೀಲೇನು?"

"ಆಮ್ಯಾಲ ಹೊಡಿ. ಬಲಗಡಿ ಹಿಂದಿನ ಮೊಲಿ ಬಿಸಿ ಅದ, ಹಾಲಿನಾಗ ಕಣ ಬರಾಕತ್ತಾವ" ಎಂದೆ, ಹಲ್ಲು ಕಚ್ಚಿಕೊಂಡು.

ಅವನ ನಗು ನಿಂತಿತು. ಕೈ ತೊಳೆದು ಬಂದು ಮುಟ್ಟಿ ನೋಡಿದ, ಡಾಕ್ಟರಿಗೆ ಫೋನ್ ಹಚ್ಚಿ ಕೇಳಿದ, ಗಾಡಿಯಿಂದ ಬ್ಯಾಗ್ ತಂದ. "ಅಣ್ಣಾರ, ನೀವು ಹಿಡೀರಿ." ಹಿಡಿದೆ, ಸೀರೆಯುಟ್ಟುಕೊಂಡೇ. ಕೆಟ್ಟ ಹಾಲನ್ನೆಲ್ಲ ಹಿಂಡಿ ತೆಗೆದ, ಮೊಲೆಯ ತುದಿಯನ್ನು ಒರೆಸಿದ, ಔಷಧದ ಟ್ಯೂಬನ್ನು ಅದರೊಳಗೆ ತೂರಿಸಿ ಮೆಲ್ಲಗೆ ಮೇಲಕ್ಕೆ ನೀವಿದ. ನಾನು ಅವನ ಬೆರಳುಗಳನ್ನೇ ನೋಡುತ್ತಿದ್ದೆ. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು? ಅತ್ತ ಸರಿ, ನಾನು ಮಾಡುತ್ತೇನೆ ಎಂದು ಅವನನ್ನು ದೂಡಿಬಿಡುವಷ್ಟು ಆಸೆಯಾಯಿತು. ಆದರೆ ದೂಡಿ ಏನು ಮಾಡಲಿ? ಮುಂದಿನದು ನನಗೆ ಗೊತ್ತಿರಲಿಲ್ಲ. ಅಷ್ಟು ಹೊಟ್ಟೆ ಉರಿದದ್ದು ನನ್ನ ಜನ್ಮದಲ್ಲೇ ಇಲ್ಲ.

ಅತ್ತೆ ಎಡಗೈಯಲ್ಲೇ ಒಂದೊಂದಾಗಿ ಚಹಾ ತಂದರು. "ನೀವ್ ಇರ್ಲಿಕಂದ್ರ ನನ್ನ ಎಮ್ಮಿ ಗತಿ ಏನಾಗ್ತಿತ್ರಿ" ಎಂದು ಅವನನ್ನೇ ಹೊಗಳಿದರು. ಅವನು, "ನಾ ಅದೀನಲ್ರಿ ಅತ್ತಿ, ಫಿಕರ್ ಯಾಕ?" ಎಂದು ಎದೆ ಉಬ್ಬಿಸಿದ. ಎಲ್ಲ ಎಂದಿನಂತೆಯೇ.

ಮರುದಿನ ಬೀದರಿಗೆ ವಾಪಸಾಗುವಾಗ ಬಸ್ಸಿನಲ್ಲಿ ಸುವರ್ಣಾ ಕೇಳಿದಳು: "ನಿನ್ನಿ ಅವ್ವ ಹೂವಿನ ಕಪ್ಪು ಯಾರಿಗಿ ಕೊಟ್ಟಳು, ನೋಡಿದ್ರೇನು?"

ಯೋಚಿಸಿದೆ. ನೆನಪಾಗಲಿಲ್ಲ. ನಾನು ಕುಡಿದದ್ದು ಕಪ್ಪೋ ಲೋಟವೋ ಅದೂ ತಿಳಿಯದು. "ನೋಡ್ಲಿಲ್ಲ. ಅಂವ ಟ್ಯೂಬ್ ಹ್ಯಾಂಗ ಹಾಕಿದಾ ಅಂತ ನೋಡ್ಲಿಕ್ಕತ್ತಿದ್ದೆ" ಎಂದೆ.

ಸುವರ್ಣಾ ನನ್ನ ಕಡೆ ತಿರುಗಿದಳು. "ಹಂಗಂದ್ರ ಹೋಗ್ರಿ" ಎಂದಳು.

ಸಂಜೆ ಕ್ಲಿನಿಕ್ಕಿಗೆ ಹೋದೆ. ಮೇಡಂ ಒಂದು ಆಡಿನ ಕಾಲಿಗೆ ಪಟ್ಟಿ ಸುತ್ತುತ್ತಿದ್ದರು. ಬರುತ್ತೇನೆ ಎಂದು ಹೇಳಿದೆ. ಅವರು ತಲೆ ಎತ್ತದೆ, "ಛಲೋ ಆತು. ಈ ವಯಸ್ಸಿನಾಗ ಯಾಕ ಅನಸ್ತು?" ಎಂದು ಕೇಳಿದರು. ಮೂಕಪ್ರಾಣಿಗಳ ಸೇವೆ, ಕರುಣೆ, ದಯೆ, ಒಳ್ಳೊಳ್ಳೆಯ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಆದರೆ ಬಾಯಿಂದ ಹೊರಬಿದ್ದದ್ದು ಬೇರೆ.

"ಹೊಟ್ಟಿಕಿಚ್ಚಿಗಿರಿ ಮೇಡಂ. ನಮ್ಮ ಷಡ್ಡಕಗ ಬರ್ತದ, ನನಗ ಬರಲ್ಲ."

ಮೇಡಂ ಪಟ್ಟಿಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. "ಹಿಡೀರಿ. ಪ್ರಾಣಿ ಅಂದ್ರ ಬಾಳ ಪ್ರೀತಿ ಅಂತ ಹೇಳಿ ಬಂದವರೆಲ್ಲ ಮೊದಲ್ನೇ ಭೇದಿ ನೋಡಿ ಓಡಿ ಹೋಗ್ಯಾರ. ಹೊಟ್ಟಿಕಿಚ್ಚಿನವರು ಅಷ್ಟು ಲಗೂ ಓಡಂಗಿಲ್ಲ."