ಶಿವಣ್ಣನವರ ಎಟಿವಿ ಸ್ಟಾರ್ಟ್ ಆಗಿದ್ದು ನಿಜ

ಆಯುಧಪೂಜೆಯ ದಿನ ಬೆಳಗ್ಗೆ ಹತ್ತು ನಲವತ್ತಕ್ಕೆ ನಾನು ಶ್ರೀನಗರದ ನಮ್ಮ ಬೀದಿಯಲ್ಲಿ, ಪಕ್ಕದ ಮನೆ ಶಿವಣ್ಣನವರ ಗೇಟಿನ ಎಡಗಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಗೇಟು ತೆರೆದಿತ್ತು. ಕೈಯಲ್ಲಿ ಕಡ್ಲೆಪುರಿ ಪೊಟ್ಟಣ. ಕನ್ನಡಕ ಹಾಕಿಕೊಂಡಿದ್ದೆ.

ಇಷ್ಟೆಲ್ಲ ವಿವರ ಯಾಕೆ ಅಂತೀರಾ? ಮುಂದೆ ನಡೆದದ್ದರ ಬಗ್ಗೆ ನಮ್ಮ ಬೀದಿಯಲ್ಲಿ ಈಗ ಎರಡು ಅಭಿಪ್ರಾಯ ಇದೆ.

ಎಟಿವಿ ಅಂದರೆ ಸ್ಕೂಟರಿನ ಹ್ಯಾಂಡಲ್, ನಾಲ್ಕು ದಪ್ಪ ಚಕ್ರ. ರೆಸಾರ್ಟುಗಳಲ್ಲಿ ಕೆಸರೊಳಗೆ ಓಡಿಸುತ್ತಾರಲ್ಲ, ಅದು. ಮುಚ್ಚಿಹೋದ ಒಂದು ರೆಸಾರ್ಟಿನಿಂದ ಶಿವಣ್ಣನವರು ಆರು ವರ್ಷದ ಹಿಂದೆ ತಂದರು. ಬ್ಯಾಂಕಿನಿಂದ ರಿಟೈರ್ ಆದವರಿಗೆ ಇದ್ಯಾಕೆ? ಕೇಳಿದವರಿಗೆಲ್ಲ ಒಂದೇ ಉತ್ತರ: "ಸ್ವಲ್ಪ ಕೆಲಸ ಇದೆ ಸಾರ್. ಸ್ಟಾರ್ಟ್ ಆಗ್ಲಿ, ಆಮೇಲೆ ನೋಡ್ತಾ ಇರಿ." ಅಲ್ಲಿಯವರೆಗೆ ಅವರ ಹೆಂಡತಿ ಗಿರಿಜಮ್ಮ ಅದರ ಮೇಲೆ ಬಟ್ಟೆ ಒಣಗಿಸಿದರು.

(ನಗಬೇಡಿ. ನಿಮ್ಮ ಮನೆಯ ಟ್ರೆಡ್‌ಮಿಲ್ ಮೇಲೆ ಈಗ ಏನಿದೆ?)

ಈ ವರ್ಷ ಗಿರಿಜಮ್ಮ ಗಡುವು ಕೊಟ್ಟರು. "ಆಯುಧಪೂಜೆ ದಿನ ಸ್ಟಾರ್ಟ್ ಆದ್ರೆ ಇಟ್ಕೊಳ್ಳಿ. ಆಗ್ಲಿಲ್ವಾ, ಮಾರನೇ ದಿನ ಗುಜರಿಗೆ. ಮಾತು ಅಂದ್ರೆ ಮಾತು."

ಶಿವಣ್ಣನವರು ಬೀದಿ ಕೊನೆಯ ಸ್ಕೂಟರ್ ಮೆಕ್ಯಾನಿಕ್ ಬಾಬುವನ್ನು ಕರೆಸಿದರು. ಏರ್ ಫಿಲ್ಟರ್ ಬಿಚ್ಚಿದರೆ ಇಲಿಗೂಡು. ಅದರಲ್ಲಿ ಗಿರಿಜಮ್ಮನವರ ಕಳೆದುಹೋದ ರವಿಕೆಯ ಅರ್ಧ ತೋಳು. "ಟ್ಯಾಂಕಲ್ಲಿರೋದು ಪೆಟ್ರೋಲ್ ಅಲ್ಲ ಸಾರ್, ಬೆಲ್ಲದ ಪಾಕ" ಅಂದ ಬಾಬು. ಹದಿನೈದು ದಿನ ಕಾರ್ಬರೇಟರ್ ತೊಳೆದ, ತಂತಿ ಎಳೆಯಿಂದ ಅದರ ಸಣ್ಣ ಕಿಂಡಿಗಳನ್ನು ಬಿಡಿಸಿದ, ಪ್ಲಗ್ಗು, ಬ್ಯಾಟರಿ ಹೊಸದು ಹಾಕಿದ. ಪೂಜೆಯ ದಿನ ಬೆಳಗ್ಗೆ ಕೈ ಒರೆಸಿಕೊಂಡು, "ಈಗ ಒಂದ್ಸಲ ಸೆಲ್ಫ್ ಹೊಡ್ದು ನೋಡೋಣ" ಅಂದ.

"ಪೂಜೆ ಆಗದೆ ಕೀ ಮುಟ್ಟಂಗಿಲ್ಲ" ಅಂದರು ಗಿರಿಜಮ್ಮ.

"ಅಕ್ಕ, ಟೆಸ್ಟ್ ಮಾಡ್ದೆ ಹೆಂಗೆ?"

"ದೇವರನ್ನ ಕಾಯ್ಸಿ ಟೆಸ್ಟ್ ಮಾಡ್ತೀಯಾ?"

ಪೂಜೆ ಆಯಿತು. ಬಾನೆಟ್ಟಿಗೆ ವಿಭೂತಿ, ಚಕ್ರಗಳಡಿ ನಾಲ್ಕು ನಿಂಬೆಹಣ್ಣು. ಸೇವಂತಿಗೆ ಹಾರ ಕಟ್ಟುವ ಕೆಲಸ ನನ್ನದು. ಜಾರಬಾರದೆಂದು ಬಲಗಡೆ ಹ್ಯಾಂಡಲ್ಲಿಗೆ ಮೂರು ಸುತ್ತು ಬಿಗಿಯಾಗಿ ಸುತ್ತಿ ಗಂಟು ಹಾಕಿದೆ. ಈ ಗಾಡಿಯ ಆಕ್ಸಿಲರೇಟರ್ ತಿರುಗಿಸುವುದಲ್ಲ, ಹೆಬ್ಬೆರಳಲ್ಲಿ ಒತ್ತುವ ಪುಟ್ಟ ಲಿವರ್ ಅಂತ ನನಗೆ ಯಾರು ಹೇಳಿದ್ದರು? ನನ್ನ ಹಾರ ಅದನ್ನು ಪೂರ್ತಿ ಒತ್ತಿ ಹಿಡಿದಿತ್ತು.

"ನ್ಯೂಟ್ರಲ್ಲಿಗೆ ಹಾಕಿ ಸಾರ್" ಅಂದ ಬಾಬು.

"ನಿಂಬೆಹಣ್ಣು ಹತ್ತಬೇಕಲ್ಲಪ್ಪ, ಗೇರಲ್ಲೇ ಇರ್ಲಿ." ಶಿವಣ್ಣನವರು ಪಂಚೆ ಎತ್ತಿ ಕಟ್ಟಿ ಹತ್ತಿದರು. ಬ್ರೇಕ್ ಹಿಡಿದರು. ಸೆಲ್ಫ್ ಒತ್ತಿದರು.

ಮೊದಲ ಸಲ ಕೆಮ್ಮಿತು. ಎರಡನೇ ಸಲ ಕಪ್ಪು ಹೊಗೆ ಬಿಟ್ಟಿತು. ಮೂರನೇ ಸಲ ಆರು ವರ್ಷದ ಸಿಟ್ಟು ಒಟ್ಟಿಗೇ ತೀರಿಸಿಕೊಳ್ಳುವಂತೆ ಅರಚಿತು. ಶಿವಣ್ಣನವರು ಬೆಚ್ಚಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಬ್ರೇಕ್ ಬಿಟ್ಟಿತು.

ಗಾಡಿ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಹೋಯಿತು. ರಸ್ತೆ ದಾಟಿತು. ಎದುರು ಮನೆಯ ಮಹಡಿ ಕೆಲಸಕ್ಕೆ ಸುರಿದಿದ್ದ ಮರಳಿನ ರಾಶಿ ಹತ್ತಿ, ತುದಿಯಲ್ಲಿ ಹೂತು ನಿಂತಿತು. ಹಿಂದಿನ ಚಕ್ರಗಳು ತಿರುಗುತ್ತಲೇ ಇದ್ದವು. ಬೀದಿಗೆಲ್ಲ ಮರಳಿನ ಅಭಿಷೇಕ. ಮೇಲೆ ಉತ್ಸವಮೂರ್ತಿಯ ಹಾಗೆ ಶಿವಣ್ಣನವರು: "ಆಫ್ ಮಾಡ್ರೋ! ಯಾರಾದ್ರೂ ಆಫ್ ಮಾಡ್ರೋ!" (ಕೀ ಅವರ ಮುಂದೆಯೇ ಇತ್ತು.) ಎದುರು ಮನೆ ಕಟ್ಟೆಯ ಮೇಲೆ ಕೂತಿದ್ದ ಸಾವಿತ್ರಜ್ಜಿ "ಭೇಷ್!" ಅಂದರು. ಬಾಬು ರಾಶಿ ಹತ್ತಿ ಕೀ ತಿರುಗಿಸಿದ. ನನ್ನ ಲೆಕ್ಕದಲ್ಲಿ ಒಟ್ಟು ಇಪ್ಪತ್ತೆರಡು ಸೆಕೆಂಡ್.

ಮೊಳಕೈ ತರಚಿದ್ದು ಬಿಟ್ಟರೆ ಶಿವಣ್ಣನವರಿಗೆ ಏನೂ ಆಗಿರಲಿಲ್ಲ. ಇಳಿದು ಬಂದು ಆಡಿದ ಮೊದಲ ಮಾತು: "ಗಿರಿಜಾ, ಸ್ಟಾರ್ಟ್ ಆಗ್ಲಿಲ್ಲ ಕಣೆ. ಗುಜರಿಯವನಿಗೆ ಫೋನ್ ಮಾಡು."

"ಆಗ್ಲಿಲ್ವಾ? ನನ್ನ ಬಾಯಲ್ಲಿ ಮರಳಿದೆ!"

"ಅದು ಸ್ಟಾರ್ಟ್ ಅಲ್ಲ, ಸುಮ್ನೆ ಉರುಳಿದ್ದು."

"ಉರುಳೋದು ಇಳಿಜಾರಲ್ಲಿ. ನೀವು ಗುಡ್ಡ ಹತ್ತಿದ್ರಿ. ಬೇಗೂರಲ್ಲಿ ನಮ್ಮಣ್ಣನ ಸೈಟ್ ಖಾಲಿ ಬಿದ್ದಿದೆ, ಭಾನುವಾರದಿಂದ ಅಲ್ಲಿ ಓಡ್ಸೋದು ಕಲೀರಿ."

ಮೂಲೆಯ ಸಾಮಾನನ್ನು ನಾವು ರಿಪೇರಿ ಮಾಡಿಸದಿರುವುದು ಸೋಮಾರಿತನದಿಂದ ಅಂತ ಇಷ್ಟು ದಿನ ತಿಳಿದಿದ್ದೆ. ಭಯದಿಂದಲೂ ಇರಬಹುದು. ಕೆಟ್ಟು ನಿಂತಿದ್ದಾಗ ಶಿವಣ್ಣನವರು ಆ ಗಾಡಿಯಲ್ಲಿ ಮನಸ್ಸಿನಲ್ಲೇ ಬೇಕಾದ ಕಡೆಗೆಲ್ಲ ಹೋಗಿಬಂದಿದ್ದರು. ಈಗ ಅದು ಓಡುತ್ತದೆ. ಹತ್ತದೆ ವಿಧಿಯಿಲ್ಲ.

ಹಾಲಿನ ಬೂತಿನಲ್ಲಿ, ಪಾರ್ಕಿನಲ್ಲಿ ಈಗ ಅವರದು ಒಂದೇ ಮಾತು: ಗಾಡಿ ಸ್ಟಾರ್ಟೇ ಆಗಲಿಲ್ಲ. ನಿನ್ನೆ ನನ್ನನ್ನೂ ಪಕ್ಕಕ್ಕೆ ಕರೆದು, "ನೀವೂ ನೋಡಿದ್ರಲ್ಲ ಸಾರ್, ನಿಮ್ಮ ಕಾಲಂನಲ್ಲಿ ಬರೆದ್ಬಿಡಿ" ಅಂದರು.

ಬರೆದಿದ್ದೇನೆ. ನಾನೊಬ್ಬನೇ ನೋಡಿದ್ದಲ್ಲ, ಗಿರಿಜಮ್ಮ ನೋಡಿದ್ದಾರೆ, ಬಾಬು ನೋಡಿದ್ದಾನೆ, ಸಾವಿತ್ರಜ್ಜಿ ನೋಡಿದ್ದಾರೆ. ಅನುಮಾನವಿದ್ದರೆ ಬಂದು ಕೇಳಿ, ಸಾಕ್ಷಿಗಳು ಮೂವರೂ ಇನ್ನೂ ಬದುಕಿದ್ದಾರೆ.