ಮದ್ದಳೆ ಯಾರ ಹೆಸರಿನಲ್ಲಿದೆ?

ಪರದೇಶದಲ್ಲಿ, ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನ ಆಫೀಸಿನವರು ಬೀಗದ ಕೈ ಕೊಡುವ ಮೊದಲು ಬಾಡಿಗೆದಾರರ ವಿಮೆಯ ಪುರಾವೆ ಕೇಳಿದರು. ನನ್ನ ಹೆಸರಿನಲ್ಲಿ ಒಂದು ಮಾಡಿಸಿ ತೋರಿಸಿದೆ. ಜೊತೆಗಿದ್ದ ಉಡುಪಿಯ ಗೆಳೆಯ ತಾನೂ ಮಾಡಿಸಬೇಕೇ ಎಂದು ಅನುಮಾನಪಟ್ಟ. ಊರಿನಲ್ಲಿ ಮನೆಗೊಂದೇ ಗ್ಯಾಸ್ ಕನೆಕ್ಷನ್ ಇರುತ್ತದಲ್ಲ, ಇದೂ ಹಾಗೇ ಎಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಪಾಲಿಸಿ ಓದುವ ಅವಕಾಶವನ್ನು ಒಬ್ಬರಿಗೊಬ್ಬರು ಬಿಟ್ಟುಕೊಟ್ಟೆವು. ಅಷ್ಟು ಸೌಜನ್ಯ ನಮ್ಮಲ್ಲಿತ್ತು.

ಒಂದು ಶನಿವಾರ ಮೇಲಿನ ಮನೆಯ ವಾಷಿಂಗ್ ಮೆಷೀನಿನ ಪೈಪು ಒಡೆದು ನಮ್ಮ ಛಾವಣಿಯ ಒಂದು ಭಾಗ ನೀರಿನ ಸಮೇತ ಕೆಳಗಿಳಿಯಿತು. ನನ್ನ ಹಾಸಿಗೆ ನೆನೆದು ಮುದ್ದೆಯಾಯಿತು. ಅದಕ್ಕೆ ಯಾರೂ ಅಳಬೇಕಿರಲಿಲ್ಲ. ಪಕ್ಕದಲ್ಲಿದ್ದ ಗೆಳೆಯನ ಮದ್ದಳೆಯ ಚರ್ಮ ಸಡಿಲಾಗಿ, ಮರದಲ್ಲಿ ಉದ್ದಕ್ಕೆ ಸೀಳು ಬಿದ್ದಿತ್ತು. ಯಕ್ಷಗಾನಕ್ಕೆ ಬಾರಿಸಲು ಕಲಿಸಿದ ಗುರುಗಳು ತಮ್ಮ ಕೈಯಾರೆ ಅವನಿಗೆ ಕೊಟ್ಟದ್ದು ಅದು.

ಮ್ಯಾನೇಜರಮ್ಮ ಬಂದು ಗೋಡೆ ತಟ್ಟಿ ನೋಡಿ, "ಗೋಡೆ, ಕಾರ್ಪೆಟು ನಮ್ಮ ವಿಮೆ. ನಿಮ್ಮ ಸಾಮಾನು ನಿಮ್ಮ ವಿಮೆ," ಎಂದು ಹೇಳಿ ಹೋದರು. ಅವರು ಮೂಗಿನಲ್ಲಿ ಆಡಿದ ಆ ಮಾತನ್ನು ನಾನು ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಅದೇ ಧ್ವನಿಯಲ್ಲಿ ಅಣಕಿಸಿ ತೋರಿಸಿದೆ. ಗೆಳೆಯ ಮದ್ದಳೆಯನ್ನು ಟವೆಲಿನಲ್ಲಿ ಒರೆಸುತ್ತಿದ್ದ, ತಲೆಯೆತ್ತಲಿಲ್ಲ.

ವಿಮಾ ಕಂಪನಿಗೆ ಫೋನ್ ಮಾಡಿದೆ. ಹಾಸಿಗೆಗೆ ಪರಿಹಾರ ಸಿಗುತ್ತದೆ ಎಂದಳು ಅಲ್ಲಿಯ ಹುಡುಗಿ. ಮದ್ದಳೆಯ ಮಾತು ಬಂದಾಗ, ಅದು ನಿಮ್ಮದೇ ಎಂದು ಕೇಳಿದಳು. ರೂಮ್‌ಮೇಟ್ ಹೆಸರು ಪಾಲಿಸಿಯಲ್ಲಿ ಇಲ್ಲದಿದ್ದರೆ ಅವರ ಸಾಮಾನಿಗೆ ಪರಿಹಾರವಿಲ್ಲವಂತೆ, ಒಂದೇ ಸೂರಿನಡಿ ಇದ್ದರೂ ಅಷ್ಟೇ. ನಾನು ಫೋನ್ ಮ್ಯೂಟ್ ಮಾಡಿದೆ.

"ನಂದೇ ಅಂದ್ಬಿಡ್ತೀನಿ ಕಣೋ. ದುಡ್ಡು ಬಂದ್ರೆ ಹೊಸದು ತರಿಸ್ಕೋ."

"ಎಂತ ಮಾರಾಯ, ನಿಂಗೆ ಭಜನೆಗೆ ಚಪ್ಪಾಳೆ ತಟ್ಲಿಕ್ಕೇ ತಾಳ ಸಿಗುದಿಲ್ಲ. ಮದ್ದಳೆ ನಿಂದು ಅಂತ ಹೇಳ್ತಿಯಾ?"

"ಅವಳೇನು ಫೋನಲ್ಲಿ ಬಾರಿಸು ಅಂತಾಳಾ? ಬೇಕಿದ್ರೆ ನಿನ್ನ ಗುರುಗಳ ಧ್ವನೀಲೇ ಮಾತಾಡ್ತೀನಿ."

"ಅವರು ಕೊಟ್ಟದ್ದು ನಂಗೆ. ಹಣ ಬರದಿದ್ರೆ ಬೇಡ. ನನ್ನದನ್ನು ನಿಂದು ಮಾಡ್ಲಿಕ್ಕೆ ನಾನು ಬಿಡುದಿಲ್ಲ."

ಮ್ಯೂಟ್ ತೆಗೆದೆ. ಅಷ್ಟು ಹೊತ್ತೂ ಆ ಹುಡುಗಿಯ ಇಂಗ್ಲಿಷಿನ ಧಾಟಿಯನ್ನೇ ಅವಳಿಗೆ ಒಪ್ಪಿಸುತ್ತಿದ್ದವನು, ಆ ಒಂದು ಮಾತನ್ನು ಮಾತ್ರ ನನ್ನ ಸ್ವಂತ ಬಸವನಗುಡಿ ಇಂಗ್ಲಿಷಿನಲ್ಲಿ ಹೇಳಿದೆ: ಅದು ನನ್ನದಲ್ಲ.

ಹೊಸ ಹಾಸಿಗೆ ಬೇಗನೇ ಬಂತು. ಮದ್ದಳೆ ಮಾತ್ರ ಮಂಗಳೂರಿಗೆ ಹೊರಟಿದ್ದ, ಹತ್ತಿರದ ಸರಟೋಗಾದ ಕುಟುಂಬವೊಂದರ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಮಲಗಿ ದುರಸ್ತಿಗೆ ಹೋಯಿತು. ಮರುವಾರ ಗೆಳೆಯ ತನ್ನದೇ ವಿಮೆ ಮಾಡಿಸಲು ಕುಳಿತ. ಮನೆಯಲ್ಲಿ ವಾದ್ಯಗಳೇನಾದರೂ ಇವೆಯೇ ಎಂದು ಏಜೆಂಟ್ ಕೇಳಿದರು. ಅವರೂ ನಮ್ಮ ಕಡೆಯವರೇ.

"ಒಂದುಂಟು, ಸರ್. ಈಗ ಊರಲ್ಲಿದೆ," ಎಂದ. "ಬಂದ ಮೇಲೆ ಸೇರಿಸ್ತೇನೆ. ಹೆಸರು ನನ್ನದೇ ಇರ್ಲಿ."